ಸ್ಕ್ರೂ ಬದಲಿಸಿದರೆ ಸಾಲದು: ಭಜಿ ಟ್ರಾಲಿಯ ಬ್ರಾಕೆಟ್ ಕೂರಿಸಿದ ಬಗೆ

ನಮ್ಮದು ಮಿರ್ಚಿ ಭಜಿ, ಸುಸಲಾ, ಚಹಾದ ಟ್ರಾಲಿ. ಎಂಟಡಿ ಉದ್ದ, ಎರಡು ಗಾಲಿ. ಮೈದುನನ ಗೂಡ್ಸ್ ಗಾಡಿಗೆ ಕಟ್ಟಿ ಎಳೆಯುತ್ತೇವೆ. ದಿನಾ ಸಂಜೆ ಕಲಬುರಗಿಯ ಸೇಡಂ ರಸ್ತೆ, ಜಾತ್ರೆ ಬಂದರೆ ಶರಣಬಸವೇಶ್ವರ ಗುಡಿ ಕಡೆ. ಗಿರಾಕಿ ನಿಲ್ಲುವ ಕಡೆಗೆ ತಾಡಪತ್ರಿಯ ನೆರಳು ಮಾಡಿದ್ದೇವೆ. ಅದರ ಒಂದು ಅಂಚು ಟ್ರಾಲಿಯ ಛಾವಣಿಗೆ, ಇನ್ನೊಂದು ಅಂಚಿಗೆ ಪೈಪು. ಆ ಪೈಪನ್ನು ಎತ್ತಿ ಹಿಡಿಯಲು ಎರಡು ತೋಳು. ತೋಳಿನ ಬುಡ ಕೂರುವುದು ಟ್ರಾಲಿಯ ಗೋಡೆಗೆ ಹೊಡೆದ ಬ್ರಾಕೆಟ್‌ನಲ್ಲಿ. ಅಂಗೈಯಷ್ಟು ಪಟ್ಟಿ, ನಾಲ್ಕು ಸ್ಕ್ರೂ. ಅಷ್ಟೇ.

ಬಲಗಡೆ ಬ್ರಾಕೆಟ್ ಮೊದಲ ಸಲ ಅಲುಗಿದಾಗ ಎಲ್ಲರೂ ಮಾಡುವುದನ್ನೇ ಮಾಡಿದೆ. ಸ್ವಲ್ಪ ದಪ್ಪ ಸ್ಕ್ರೂ ತಂದು ಹಾಕಿದೆ. ಎರಡು ತಿಂಗಳಿಗೆ ಅದೂ ಸಡಿಲ. ತೂತಿನಲ್ಲಿ ಬೆಂಕಿಕಡ್ಡಿ ತುರುಕಿ ಮತ್ತೆ ತಿರುಗಿಸಿದೆ. ಆಮೇಲೆ ಮೇ ತಿಂಗಳ ಒಂದು ಸಂಜೆ, ಬಾಣಲೆಯಲ್ಲಿ ಭಜಿ ಇರುವಾಗಲೇ, ಧೂಳಿನ ಗಾಳಿ ಎದ್ದಿತು. ನಮ್ಮ ಕಡೆ ಆ ಗಾಳಿ ಹೇಗಿರುತ್ತದೆ ಗೊತ್ತಲ್ವಾ? ತಾಡಪತ್ರಿ ಒಮ್ಮೆ ಉಬ್ಬಿತು, ಬ್ರಾಕೆಟ್ ಕಿತ್ತು ಬಂತು, ತೋಳು ಬೀಸಿ ಚಹಾ ಗ್ಲಾಸುಗಳಿಗೆ ಬಡಿಯಿತು. ಬಾಣಲೆ ಒಂದು ಮೊಳ ಆಚೆ ಇತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಡಿಪ್ಲೊಮಾ ಓದುವ ಮಗ ಲೆಕ್ಕ ಹಾಕಿ ತೋರಿಸಿದ. ತಾಡಪತ್ರಿ ಎಂಟಡಿಗೆ ಐದಡಿ, ಅಂದರೆ 40 ಚದರಡಿ. ಗಂಟೆಗೆ 40 ಕಿಲೋಮೀಟರ್ ಗಾಳಿ ನೇರ ಬಡಿದರೆ ಅದರ ಮೇಲೆ ಹತ್ತಿರ ಹತ್ತಿರ 28 ಕಿಲೋ ಭಾರ ಬೀಳುತ್ತದೆ. ಗಾಳಿ ಎರಡು ಪಟ್ಟಾದರೆ ಭಾರ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಮಳೆ ನೀರೂ ಕಡಿಮೆಯದಲ್ಲ. ಜೋತುಬಿದ್ದ ತಾಡಪತ್ರಿಯಲ್ಲಿ ಎರಡಡಿಗೆ ಎರಡಡಿ ಜಾಗದಲ್ಲಿ ಒಂದಿಂಚು ನೀರು ನಿಂತರೆ ಒಂಬತ್ತು ಕಿಲೋ ದಾಟುತ್ತದೆ. ನಾನೋ, ಬೆಂಕಿಕಡ್ಡಿ ನಂಬಿ ಕೂತಿದ್ದೆ.

ಮರುದಿನ ಸ್ಕ್ರೂ ಬಿಚ್ಚಿ ನೋಡಿದೆ. ತುದಿಗಳೆಲ್ಲ ಕಪ್ಪು. ಹೊರಗಿನ ತಗಡು ಒಂದು ಮಿಲಿಮೀಟರೂ ದಪ್ಪವಿಲ್ಲ, ಅದಕ್ಕೆ ಸ್ಕ್ರೂ ಹಿಡಿಯುವ ಶಕ್ತಿ ಇಲ್ಲ. ಹಾಗಾಗಿ ಟ್ರಾಲಿ ಮಾಡಿದವರು ತಗಡಿನ ಹಿಂದೆ ಒಂದು ಪ್ಲೈವುಡ್ ತುಂಡು ಅಂಟಿಸಿದ್ದರು. ಸ್ಕ್ರೂ ಕಚ್ಚಿಕೊಂಡಿದ್ದು ಅದನ್ನು. ಮೇಲಿನ ಸ್ಕ್ರೂ ಪಕ್ಕದಿಂದ ನೀರು ಇಳಿದು ಇಳಿದು ಆ ಪ್ಲೈ ಸಾರಿನಲ್ಲಿ ಮುರಿದು ಹಾಕಿದ ರೊಟ್ಟಿಯಂತಾಗಿತ್ತು. ಉಗುರಿನಿಂದ ಕಿತ್ತರೆ ಬರುತ್ತಿತ್ತು. ಇಂಥದರಲ್ಲಿ ಎಷ್ಟು ದಪ್ಪ ಸ್ಕ್ರೂ ಹಾಕಿದರೇನು?

ನಿಮ್ಮದೂ ಹೀಗೇ ಇದೆಯಾ ಅಂತ ನೋಡಲು ಒಂದು ಸ್ಕ್ರೂ ಬಿಚ್ಚಿ, ತೂತಿನಲ್ಲಿ ಸೈಕಲ್ ಸ್ಪೋಕ್ ತೂರಿಸಿ ಒತ್ತಿ. ಗಟ್ಟಿ ತಗುಲಿದರೆ ಸ್ಕ್ರೂ ಮಾತ್ರ ಹಾಳಾಗಿದೆ, ಪುಣ್ಯವಂತರು. ಮೆತ್ತಗೆ ಒಳಗೆ ಹೋದರೆ, ಅಥವಾ ಸ್ಪೋಕ್ ಕಪ್ಪಗೆ, ಒದ್ದೆಯಾಗಿ ಹೊರಬಂದರೆ, ಗೋಡೆ ಬಿಚ್ಚಲೇಬೇಕು.

ವೆಲ್ಡಿಂಗ್ ಅಂಗಡಿಯ ಹುಡುಗ ಸುಲಭದ ದಾರಿ ಹೇಳಿದ್ದ. "ಎರಡು ಟಾಕಾ ಹೊಡೀತೀನ್ರಿ ಅಕ್ಕಾ, ಖೇಲ್ ಖತಂ." ನಾನು ಬೇಡ ಅಂದೆ. ಅಷ್ಟು ತೆಳು ತಗಡು ವೆಲ್ಡಿಂಗ್ ಬಿಸಿಗೆ ತೂತಾಗುತ್ತದೆ. ಸುಟ್ಟ ಜಾಗದಲ್ಲಿ ಸತುವಿನ ಲೇಪ ಹೋಗಿ ಬೇಗ ಜಂಗು ಹಿಡಿಯುತ್ತದೆ. ಜೊತೆಗೆ ಗೋಡೆಯೊಳಗೆ ಲೈಟಿನ ವೈರ್ ಇದೆ, ಪ್ಲೈ ಇದೆ. ಬೆಂಕಿ ಹತ್ತಿಕೊಂಡರೆ ಹೊರಗೆ ನಿಂತವರಿಗೆ ಗೊತ್ತೂ ಆಗುವುದಿಲ್ಲ.

ಸರಿ, ಕೆಲಸಕ್ಕೆ ಬರೋಣ. ಮೊದಲು ಗ್ಯಾಸ್ ಸಿಲಿಂಡರ್ ಇಳಿಸಿ ದೂರ ಇಡಿ. ಬ್ಯಾಟರಿ ವೈರ್ ಬಿಚ್ಚಿ. ತಾಡಪತ್ರಿ ಸುತ್ತಿ ಕಟ್ಟಿ, ತೋಳನ್ನು ಹಗ್ಗದಿಂದ ಟ್ರಾಲಿಗೆ ಬಿಗಿಯಿರಿ. ನನ್ನ ತೋಳು ಬರೀ ಪೈಪು. ನಿಮ್ಮದರಲ್ಲಿ ಸ್ಪ್ರಿಂಗ್ ಅಥವಾ ಗ್ಯಾಸ್ ಶಾಕ್ ಇದ್ದರೆ ಹುಷಾರು. ಅದು ಒಳಗೆ ಬಲ ಇಟ್ಟುಕೊಂಡಿರುತ್ತದೆ. ಕಟ್ಟದೆ ಬ್ರಾಕೆಟ್ ಬಿಚ್ಚಿದರೆ ದವಡೆಗೆ ಬಡಿಯುತ್ತದೆ. ಅಂಥದ್ದನ್ನು ಗೊತ್ತಿದ್ದವರ ಕೈಗೇ ಕೊಡಿ.

ಬ್ರಾಕೆಟ್ ತೆಗೆದು, ನೀರು ತಡೆಯಲು ಸುತ್ತ ಬಳಿದಿದ್ದ ಹಳೆ ಸಿಲಿಕಾನ್ ಪೇಸ್ಟ್ ಪೂರ್ತಿ ಕೆರೆದೆ. ಒಳಗಿನ ಸ್ಟೀಲ್ ಹಾಳೆಯ ರಿವೆಟ್ ತಲೆಗಳನ್ನು ಡ್ರಿಲ್‌ನಿಂದ ಕೊರೆದು ಹಾಳೆ ಬಿಚ್ಚಿದೆ. ಕೊಳೆತ ಪ್ಲೈ ಕಿತ್ತು ಹಾಕಿ ಎರಡು ದಿನ ಬಿಸಿಲಿಗೆ ಬಿಟ್ಟೆ. ಮೇ ಬಿಸಿಲು, 40 ಡಿಗ್ರಿ ದಾಟಿದ್ದು, ಅದೊಂದು ನಮಗೆ ಪುಕ್ಕಟೆ ಸಿಗುತ್ತದೆ. ಒಣಗದೆ ಮುಚ್ಚಿದರೆ ಮಾಡಿದ್ದೆಲ್ಲ ದಂಡ.

ಮತ್ತೆ ಪ್ಲೈ ಹಾಕಲಿಲ್ಲ. ಸ್ಕ್ರೂನೂ ಹಾಕಲಿಲ್ಲ. ಗೋಡೆಯ ಆಚೆಯಿಂದ ಈಚೆಗೆ ಬೋಲ್ಟ್ ತೂರಿಸಿ, ಒಳಗಡೆ ಆರಿಂಚಿಗೆ ನಾಲ್ಕಿಂಚಿನ 3 ಎಂಎಂ ಕಬ್ಬಿಣದ ಪಟ್ಟಿ ಕೊಟ್ಟು ನಟ್ ಹಾಕಿದೆ. ಆಗ ಎಳೆತ ನಾಲ್ಕು ತೂತಿನ ಮೇಲೆ ಬೀಳದೆ ಇಡೀ ಪಟ್ಟಿಗೆ ಹಂಚಿಹೋಗುತ್ತದೆ. ಪಟ್ಟಿ ಗುಜರಿಯಲ್ಲಿ ಸಿಕ್ಕಿತು. ಅದಕ್ಕೆ ಜಂಗು ತಡೆಯುವ ರೆಡ್ ಆಕ್ಸೈಡ್ ಬಣ್ಣ ಎರಡು ಕೋಟ್ ಬಳಿದೆ.

ಇಲ್ಲೊಂದು ತೊಡಕಿದೆ. ಹೊರ ತಗಡಿಗೂ ಒಳ ಹಾಳೆಗೂ ನಡುವೆ ಒಂದಿಂಚು ಟೊಳ್ಳು. ಬೋಲ್ಟ್ ಬಿಗಿದರೆ ಗೋಡೆ ಒಳಗೆ ಅಪ್ಪಚ್ಚಿಯಾಗುತ್ತದೆ. ಅಪ್ಪಚ್ಚಿಯಾಗದಂತೆ ಮೆಲ್ಲಗೆ ಬಿಗಿದರೆ ಮತ್ತೆ ಸಡಿಲ. ಅದಕ್ಕೆ ಪ್ರತಿ ಬೋಲ್ಟಿಗೂ ಒಂದು ಕಬ್ಬಿಣದ ಪೈಪಿನ ತುಂಡು ಬೇಕು. ಬೋಲ್ಟ್ ಅದರೊಳಗೆ ಸರಾಗವಾಗಿ ಹೋಗಬೇಕು, ಉದ್ದ ಟೊಳ್ಳಿನಷ್ಟೇ ಇರಬೇಕು. ನನ್ನದಕ್ಕೆ 25 ಎಂಎಂ. ನಾಲ್ಕೂ ಒಂದೇ ಉದ್ದ ಇರದಿದ್ದರೆ ಬ್ರಾಕೆಟ್ ಓರೆಯಾಗುತ್ತದೆ. ಗರಗಸದಲ್ಲಿ ಕೊಯ್ದಾಗ ಒಂದೂ ಇನ್ನೊಂದರ ಸಮ ಬರಲಿಲ್ಲ. ಮನೆಯ ಶಹಾಬಾದ್ ಕಲ್ಲಿನ ನೆಲದ ಮೇಲೆ ನಾಲ್ಕನ್ನೂ ನಿಲ್ಲಿಸಿ, ಮೇಲೆ ಆ ಪಟ್ಟಿ ಇಟ್ಟೆ. ಒತ್ತಿದರೆ ಟಕ್ ಟಕ್ ಅಂತ ಆಡುತ್ತಿತ್ತು. ಎತ್ತರ ಇದ್ದದ್ದನ್ನು ಅರದಿಂದ ಉಜ್ಜುವುದು, ಮತ್ತೆ ಇಟ್ಟು ನೋಡುವುದು. ಆ ಟಕ್ ನಿಲ್ಲಲು ಒಂದು ಮಧ್ಯಾಹ್ನ ಹೋಯಿತು. ಈ ಇಡೀ ಕೆಲಸದಲ್ಲಿ ಅವಸರ ಮಾಡಬಾರದ ಜಾಗ ಇದೊಂದೇ.

ಬೋಲ್ಟ್ 8 ಎಂಎಂ ದಪ್ಪದ್ದು. ಉದ್ದವನ್ನು ಅಂದಾಜಿಗೆ ತರಬೇಡಿ, ಕೂಡಿಸಿ ನೋಡಿ. ಬ್ರಾಕೆಟ್ 4, ತಗಡು 1, ಪೈಪಿನ ತುಂಡು 25, ಒಳ ಹಾಳೆ 1, ಪಟ್ಟಿ 3, ವಾಷರ್‌ಗಳಿಗೆ 3. ಒಟ್ಟು 37. ನಟ್‌ಗೆ 8 ಸೇರಿಸಿದರೆ 45. ನಾನು 50 ಎಂಎಂ ತಂದೆ, ತುದಿ ಸ್ವಲ್ಪ ಹೊರಗೆ ಬಂತು, ಅಷ್ಟು ಬೇಕು. ನಟ್ ನೈಲಾಕ್ ಇರಲಿ. ಅದರೊಳಗಿನ ನೈಲಾನ್ ಬಳೆ ಬೋಲ್ಟನ್ನು ಹಿಡಿದುಕೊಳ್ಳುತ್ತದೆ, ರಸ್ತೆಯ ಕುಲುಕಾಟಕ್ಕೆ ಬಿಚ್ಚುವುದಿಲ್ಲ. ಒಮ್ಮೆ ಬಿಚ್ಚಿದರೆ ಮುಂದಿನ ಸಲಕ್ಕೆ ಹೊಸದು ಹಾಕಿ.

ತೂತಿಗೆ ಮೊದಲು ಒಳ ಹಾಳೆಯನ್ನು ಜಾಗದಲ್ಲಿ ಹಿಡಿದು 3 ಎಂಎಂ ಬಿಟ್‌ನಿಂದ ಹೊರಗಿನಿಂದ ಒಳಗೆ ನೇರ ಕೊರೆಯಿರಿ. ಆಮೇಲೆ ಎಂಟೂವರೆ ಎಂಎಂ. ವೈರ್ ಎಲ್ಲಿ ಹೋಗಿದೆ ಅಂತ ಮೊದಲೇ ನೋಡಿಕೊಂಡಿರಬೇಕು. ಕೊರೆದ ಅಂಚಿಗೆ ರೆಡ್ ಆಕ್ಸೈಡ್ ಹಚ್ಚಿ. ತಗಡಿನ ಪುಡಿ ಒರೆಸಿ ತೆಗೆಯಿರಿ, ಬಿಟ್ಟರೆ ಅದೇ ಜಂಗು ಹಿಡಿಯುತ್ತದೆ.

ಇನ್ನು ನೀರು ತಡೆಯುವ ಪೇಸ್ಟ್. ಅಂಗಡಿಯಲ್ಲಿ ಸಿಲಿಕಾನ್ ಅಂದರೆ ಸಾಮಾನ್ಯವಾಗಿ ಕೈಗೆ ಬರುವುದು ಹುಳಿ ವಾಸನೆಯದು, ವಿನೆಗರ್ ತರಹ. ಅದರಿಂದ ಬರುವ ಆಮ್ಲ ಸತುವಿನ ತಗಡನ್ನು ತಿನ್ನುತ್ತದೆ. ನ್ಯೂಟ್ರಲ್ ಸಿಲಿಕಾನ್ ಅಂತ ಕೇಳಿ, ಇಲ್ಲವೇ ಪಿಯು (ಪಾಲಿಯುರೆಥೇನ್) ಸೀಲಂಟ್. ಬ್ರಾಕೆಟ್‌ನ ಬೆನ್ನಿಗೆ ಹಚ್ಚಿ, ಪ್ರತಿ ತೂತಿನ ಸುತ್ತ ಒಂದು ಬಳೆ ಬಿಡಿ. ಹೊರಗಡೆ ಮೇಲೆ ಮತ್ತು ಎರಡು ಪಕ್ಕ ಮುಚ್ಚಿ. ಕೆಳಗಿನ ಅಂಚು ಮುಚ್ಚಬೇಡಿ! ಎಷ್ಟು ಬಳಿದರೂ ಒಂದು ದಿನ ನೀರು ಒಳಗೆ ಹೋಗೇ ಹೋಗುತ್ತದೆ, ಅದಕ್ಕೆ ಇಳಿಯಲು ದಾರಿ ಬೇಕು. ನಮ್ಮ ಟ್ರಾಲಿಯಲ್ಲಿ ನಾಲ್ಕೂ ಕಡೆ ಬಳಿದು ನೀರನ್ನು ಒಳಗೇ ಕೂಡಿ ಹಾಕಿದ್ದರು.

ಬಿಗಿಯುವಾಗ ಹೊರಗೆ ಒಬ್ಬರು ಬೋಲ್ಟ್ ತಲೆ ಹಿಡಿಯಲಿ, ಒಳಗೆ ನೀವು 13ರ ಪಾನಾದಿಂದ ನಟ್ ತಿರುಗಿಸಿ. ಮೂಲೆಯಿಂದ ಎದುರು ಮೂಲೆಗೆ ಹೋಗುತ್ತ, ಸ್ವಲ್ಪ ಸ್ವಲ್ಪ. ಪೇಸ್ಟ್ ಅಂಚಿನಿಂದ ಇಣುಕಿದಾಗ ನಿಲ್ಲಿಸಿ. ಒಂದು ದಿನ ಒಣಗಲಿ. ಮರುದಿನ ಕಾಲು ಸುತ್ತು. ಮೈದುನ ಸುಮ್ನೆ ಇರಲಾರದೆ ಪಾನಾಕ್ಕೆ ಪೈಪು ಸಿಕ್ಕಿಸಿ ಬಿಗಿಯಲು ಬಂದ. ಓಡಿಸಿದೆ. ಒಳ ಹಾಳೆಗೆ ಹೊಸ ರಿವೆಟ್ ಹೊಡೆದು ಮುಗಿಸಿದೆ.

ತಾಡಪತ್ರಿ ಹರಡುವಾಗ ಈಗ ಒಂದು ತೋಳನ್ನು ನಾಲ್ಕು ಬೆರಳು ತಗ್ಗಿಸುತ್ತೇನೆ, ನೀರು ಒಂದು ಮೂಲೆಗೆ ಹರಿದು ಹೋಗುತ್ತದೆ. ಗಾಳಿ ಎದ್ದರೆ ಗಿರಾಕಿ ಏನೇ ಅನ್ನಲಿ, ಸುತ್ತಿಬಿಡುತ್ತೇನೆ.

ನಟ್ ತಿರುಗಿದೆಯೋ ಇಲ್ಲವೋ ತಿಳಿಯಲು ನಟ್ ಮತ್ತು ಪಟ್ಟಿ ಎರಡರ ಮೇಲೂ ಹಾದುಹೋಗುವಂತೆ ಉಗುರುಬಣ್ಣದಿಂದ ಒಂದು ಗೆರೆ ಎಳೆದಿದ್ದೇನೆ. ಗೆರೆ ಮುರಿದು ಕಂಡರೆ ನಟ್ ಸಡಿಲಾಗಿದೆ ಅಂತ. ದಿನಾ ಸಂಜೆ ಸ್ಟೋ ಹಚ್ಚುವ ಮುಂಚೆ ಒಮ್ಮೆ ನೋಡುತ್ತೇನೆ. ಒಂದು ಮಳೆಗಾಲ ಕಳೆಯಿತು, ಒಂದು ಜಾತ್ರೆಯೂ ಆಯಿತು, ನಾಲ್ಕು ಗೆರೆಯೂ ನೆಟ್ಟಗಿವೆ. ಎಡಗಡೆ ಬ್ರಾಕೆಟ್ ಇನ್ನೂ ಹಳೆ ಸ್ಕ್ರೂ ಮೇಲೇ ನಿಂತಿದೆ. ಮೊನ್ನೆ ಸ್ಪೋಕ್ ಹಾಕಿ ನೋಡಿದೆ, ತುದಿ ಕಪ್ಪಗೆ ಬಂತು. ಪೈಪಿನ ತುಂಡು ಕೊಯ್ದು ಇಟ್ಟಿದ್ದೇನೆ, ಮೂರು ಸಮ ಬಂದಿವೆ, ಒಂದು ಇನ್ನೂ ಟಕ್ ಅನ್ನುತ್ತದೆ.