ಮೂವತ್ತೊಂಬತ್ತರಲ್ಲಿ ತಂಡವಿಲ್ಲದೆ ಕಳೆದ ವರ್ಷ

ಫೆಬ್ರವರಿ ಕೊನೆಯ ವಾರ ತಂಡದ ಮ್ಯಾನೇಜರ್ ಫೋನ್ ಮಾಡಿದರು. ನಾನು ಗ್ಯಾರೇಜಿನಲ್ಲಿ ಒಂದು ಬುಲೆಟ್‌ನ ಕ್ಲಚ್ ಬಿಚ್ಚಿಟ್ಟುಕೊಂಡು ಕೂತಿದ್ದೆ. ಕೈಯೆಲ್ಲ ಎಣ್ಣೆ. ಫೋನನ್ನು ಸ್ಪೀಕರ್‌ಗೆ ಹಾಕಿದೆ. "ಈ ಸೀಸನ್‌ಗೆ ಎರಡೂ ಬೈಕ್ ಹುಡುಗರಿಗೆ ಕೊಡ್ತಾ ಇದ್ದೀವಿ. ನೀವು ಬೇಜಾರು ಮಾಡ್ಕೋಬೇಡಿ" ಅಂದರು. ಹನ್ನೊಂದು ವರ್ಷ ಆ ತಂಡದ ಬೈಕ್ ಓಡಿಸಿದ್ದೆ. ನನಗೆ ಆಗ 39.

ಈಗ ನನ್ನ ವಯಸ್ಸಿನ ಇಬ್ಬರು ಮೂವರು ರೇಸರ್‌ಗಳು "ನೀವು ಆಮೇಲೆ ಏನು ಮಾಡಿದ್ರಿ?" ಅಂತ ಕೇಳುತ್ತಿದ್ದಾರೆ. ಫೋನಿನಲ್ಲಿ ಎಲ್ಲ ಹೇಳೋಕೆ ಆಗಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಾನು ಮಾಡಿದ ತಪ್ಪು. ಎರಡು ತಿಂಗಳು ಸುಮ್ನೆ ಕಾದೆ. ಬೇರೆ ಯಾವುದಾದರೂ ತಂಡ ಕರೆಯುತ್ತದೆ ಅಂದುಕೊಂಡೆ. ನಮ್ಮ ರಾಷ್ಟ್ರೀಯ ಸರ್ಕ್ಯೂಟ್ ರೇಸಿಂಗ್ (ಡಾಂಬರಿನ ಟ್ರ್ಯಾಕಿನಲ್ಲಿ ಸುತ್ತು ಹಾಕುವ ರೇಸ್) ಹೆಚ್ಚಾಗಿ ನಡೆಯುವುದೇ ಎರಡು ಕಡೆ. ಒಂದು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ, 3.717 ಕಿ.ಮೀ. ಸುತ್ತು. ಇನ್ನೊಂದು ಕೊಯಮತ್ತೂರು ಹತ್ತಿರದ ಕಾರಿ ಸ್ಪೀಡ್‌ವೇ, 2.1 ಕಿ.ಮೀ. ಕಂಪನಿ ಸಂಬಳ ಕೊಟ್ಟು ಬೈಕ್ ಕೊಡುವ ಸೀಟುಗಳು ಬೆರಳಲ್ಲಿ ಎಣಿಸುವಷ್ಟು. ಫೆಬ್ರವರಿ ಹೊತ್ತಿಗೆ ಅವೆಲ್ಲ ತುಂಬಿರುತ್ತವೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕಾದೆ. ಸೀಸನ್ ಮುಗಿದ ಅಕ್ಟೋಬರ್‌ನಲ್ಲೇ ಮ್ಯಾನೇಜರ್ ಎದುರು ಕೂತು "ಮುಂದಿನ ವರ್ಷ ನಾನು ಇರ್ತೀನಾ?" ಅಂತ ನೇರವಾಗಿ ಕೇಳಬೇಕಿತ್ತು. ಮುಜುಗರ ಪಟ್ಟು ಕೇಳಲಿಲ್ಲ. ಆ ನಾಲ್ಕು ತಿಂಗಳು ವಾಪಸ್ ಬರಲಿಲ್ಲ.

ಆಮೇಲೆ ಹಟಕ್ಕೆ ಬಿದ್ದೆ. ಸ್ವಂತ ಖರ್ಚಿನಲ್ಲಿ ಒಂದು ರೌಂಡ್, ಅಂದರೆ ಸೀಸನ್ನಿನ ಒಂದು ವಾರಾಂತ್ಯದ ರೇಸ್, ಓಡಿಸುತ್ತೇನೆ ಅಂತ ಹೊರಟೆ. ಗೆಳೆಯನ 165 ಸಿಸಿ ಬೈಕನ್ನು ಟಾಟಾ ಏಸ್‌ಗೆ ಏರಿಸಿ, ಬೆಂಗಳೂರಿನಿಂದ ಹೊಸೂರು, ಕೃಷ್ಣಗಿರಿ, ವೆಲ್ಲೂರು ದಾಟಿ ಸುಮಾರು ಮುನ್ನೂರು ಕಿ.ಮೀ. ದೂರದ ಇರುಂಗಾಟ್ಟುಕೋಟೈಗೆ ಹೋದೆವು. ತಂಡದ ಬೈಕ್ ಓಡಿಸುವಾಗ ಟೈರ್ ಬಗ್ಗೆ ಯೋಚಿಸಿಯೇ ಇರಲಿಲ್ಲ. ಈಗ ರೇಸಿನಲ್ಲಿ ಯಾರು ಮುಂದೆ ನಿಲ್ಲಬೇಕು ಅಂತ ನಿರ್ಧರಿಸುವ ಶನಿವಾರದ ಕ್ವಾಲಿಫೈಯಿಂಗ್‌ಗೆ ಹಾಕಿದ ಟೈರನ್ನೇ ಭಾನುವಾರದ ರೇಸಿಗೂ ಉಳಿಸಿಕೊಳ್ಳಬೇಕಿತ್ತು. ಒಂಬತ್ತನೆಯವನಾಗಿ ಮುಗಿಸಿದೆ. ವಾಪಸ್ ಬರುವಾಗ ಕೃಷ್ಣಗಿರಿಯಲ್ಲಿ ಟೀ ಕುಡಿಯುತ್ತಾ ಬಿಲ್ಲಿನ ಹಿಂದೆ ಲೆಕ್ಕ ಬರೆದೆ. ಪ್ರವೇಶ ಶುಲ್ಕ, ಟೈರ್, ಪೆಟ್ರೋಲ್, ವ್ಯಾನ್, ಇಬ್ಬರು ಮೆಕ್ಯಾನಿಕ್‌ಗಳ ಊಟ ವಸತಿ ಎಲ್ಲ ಸೇರಿ 70 ಸಾವಿರ ದಾಟಿತ್ತು. ಅದು ಗ್ಯಾರೇಜಿನ ಒಂದು ತಿಂಗಳ ದುಡಿಮೆಗಿಂತ ಜಾಸ್ತಿ. ಮಗಳು ಆಗ ಏಳನೇ ಕ್ಲಾಸು. ಹೀಗೆ ನಾಲ್ಕು ರೌಂಡ್ ಓಡಿಸಿದರೆ ಅವಳ ಫೀಸು ಎಲ್ಲಿಂದ ತರಲಿ?

ಆ ವಾರ ಮಾಡಿದ ಒಂದು ಕೆಲಸ ನನ್ನ ದಾರಿ ಬದಲಿಸಿತು. ನನ್ನ ಹತ್ತಿರ ಹಳೆಯ ಟೈಮ್ ಶೀಟ್‌ಗಳ ಫೈಲ್ ಇದೆ. ಪ್ರತಿ ಸುತ್ತಿಗೆ ಎಷ್ಟು ಸೆಕೆಂಡ್ ಅಂತ ಅಚ್ಚು ಹಾಕಿ ಕೊಡುತ್ತಾರಲ್ಲ, ಅದು. ಮೂರು ವರ್ಷದ್ದನ್ನು ನೆಲದ ಮೇಲೆ ಹರಡಿಕೊಂಡು ಕೂತೆ. ಕ್ವಾಲಿಫೈಯಿಂಗ್‌ನ ಒಂದೇ ಒಂದು ವೇಗದ ಸುತ್ತಿನಲ್ಲಿ ನಾನು ಮೂರು ವರ್ಷದಲ್ಲಿ ಮುಕ್ಕಾಲು ಸೆಕೆಂಡ್ ಕಳೆದುಕೊಂಡಿದ್ದೆ. ಅದು ನಿಜ, ಮ್ಯಾನೇಜರ್ ನನ್ನ ಬೈಕನ್ನು ಹುಡುಗರಿಗೆ ಕೊಟ್ಟದ್ದು ಸುಮ್ಮನೆ ಅಲ್ಲ. ಆದರೆ ರೇಸಿನ ಕೊನೆಯ ಎರಡು ಸುತ್ತು ನೋಡಿದರೆ ನನ್ನ ಸಮಯ ಹೆಚ್ಚುಕಡಿಮೆ ಹಾಗೇ ಇತ್ತು. ಟೈರ್ ಬಿಸಿಯಾಗಿ ಜಾರಲು ಶುರುವಾದಾಗ ಹುಡುಗರು ಒಂದು ಸೆಕೆಂಡ್‌ವರೆಗೂ ಬಿಟ್ಟುಕೊಡುತ್ತಿದ್ದರು. ನಾನು ಬಿಡುತ್ತಿರಲಿಲ್ಲ.

ನಮ್ಮ ಸರ್ಕ್ಯೂಟ್ ರೇಸುಗಳು ಚಿಕ್ಕವು. ಆರು, ಎಂಟು ಸುತ್ತು, ಮುಗಿಯಿತು. ನನ್ನ ಹತ್ತಿರ ಉಳಿದಿರುವ ಶಕ್ತಿ ಕೆಲಸಕ್ಕೆ ಬರುವ ಹೊತ್ತಿಗೆ ಬಾವುಟ ಬೀಳುತ್ತದೆ. ಹಾಗಾದರೆ ಉದ್ದದ ಓಟ ಇರುವ ಕಡೆ ಹೋಗಬೇಕು, ಅಲ್ವಾ? ವಯಸ್ಸಾದ ರೇಸರ್ "ನಾನು ಇನ್ನೂ ವೇಗವಾಗಿದ್ದೇನಾ?" ಅಂತ ಕೇಳಿಕೊಂಡರೆ ಉತ್ತರ ಸಿಗಲ್ಲ. ನನ್ನ ಕೈಯಲ್ಲಿ ಏನು ಹೋಗಿದೆ, ಏನು ಉಳಿದಿದೆ, ಉಳಿದದ್ದಕ್ಕೆ ಬೆಲೆ ಕೊಡುವ ಜಾಗ ಯಾವುದು ಅಂತ ಕೇಳಿಕೊಳ್ಳಬೇಕು.

ಆ ದಿನಗಳಲ್ಲಿ ಇಟಲಿಯ ಬೈಕ್ ರೇಸರ್ ಮ್ಯಾಕ್ಸ್ ಬಿಯಾಜಿ ಬಹಳ ನೆನಪಾಗುತ್ತಿದ್ದರು. ನಾಲ್ಕು ಸಲ 250 ಸಿಸಿ ವಿಶ್ವ ಚಾಂಪಿಯನ್ ಆದವರು. ಅಂಥವರಿಗೂ 2006ರಲ್ಲಿ ಬೈಕ್ ರೇಸಿನ ಅತಿ ದೊಡ್ಡ ಸರಣಿಯಾದ ಮೋಟೋಜಿಪಿ ಸೀಟು ಸಿಗಲಿಲ್ಲ. ಒಂದು ವರ್ಷ ಮನೆಯಲ್ಲಿ ಕೂತರು. 2007ರಲ್ಲಿ ಸೂಪರ್‌ಬೈಕ್ ಸರಣಿಗೆ ಬಂದರು. 2010ರಲ್ಲಿ 39ನೇ ವಯಸ್ಸಿಗೆ ಅಲ್ಲಿ ವಿಶ್ವ ಚಾಂಪಿಯನ್. 2012ರಲ್ಲಿ 41ಕ್ಕೆ ಮತ್ತೊಮ್ಮೆ, ಅದೂ ಟಾಮ್ ಸೈಕ್ಸ್‌ಗಿಂತ ಬರೀ ಅರ್ಧ ಪಾಯಿಂಟ್ ಮುಂದೆ. ಅವರ ಪ್ರತಿಭೆ ಎಲ್ಲಿ, ನಾವೆಲ್ಲಿ. ಆದರೆ ಖಾಲಿ ಕೂತ ಆ ಒಂದು ವರ್ಷ ನನಗೆ ಅರ್ಥವಾಗುತ್ತಿತ್ತು. ಇನ್ನೊಬ್ಬರು ದಾನಿಲೊ ಪೆಟ್ರುಚಿ. ಮೋಟೋಜಿಪಿ ಸೀಟು ಹೋದ ಮೇಲೆ ನೇರ ಮರಳುಗಾಡಿಗೆ ಹೋಗಿ, ಗಡಿಯಾರದ ಎದುರು ಮಣ್ಣು, ಮರಳಿನಲ್ಲಿ ದಿನಗಟ್ಟಲೆ ಓಡಿಸುವ ದೊಡ್ಡ ರ‍್ಯಾಲಿಯಾದ 2022ರ ಡಕಾರ್‌ನಲ್ಲಿ ಒಂದು ಸ್ಟೇಜ್ (ಒಂದು ದಿನದ ಓಟ) ಗೆದ್ದರು. ಡಾಂಬರಿನಿಂದ ಮಣ್ಣಿಗೆ ಹೋಗಬಹುದು ಅನ್ನುವ ಧೈರ್ಯ ನನಗೆ ಬಂದದ್ದು ಅದರಿಂದ.

ಹತ್ತಿರದ ಉದಾಹರಣೆಗಳೂ ಇದ್ದವು. ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ಮುಗಿಸಿದ ಮೊದಲ ಭಾರತೀಯ, 36ನೇ ಸ್ಥಾನ. ಉಡುಪಿಯ ಕೆ.ಪಿ. ಅರವಿಂದ್ ಎರಡು ಸಲ ಅರ್ಧಕ್ಕೇ ನಿಲ್ಲಬೇಕಾಗಿ ಬಂದರೂ 2019ರಲ್ಲಿ 37ನೆಯವರಾಗಿ ಮುಗಿಸಿದರು. ನಮ್ಮ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಸರ್ಕ್ಯೂಟನ್ನೂ ರ‍್ಯಾಲಿಯನ್ನೂ ಜೊತೆಯಲ್ಲೇ ಓಡಿಸಿ, 2019ರಲ್ಲಿ ಮರಳು, ಮಣ್ಣಿನ ರ‍್ಯಾಲಿಗಳ ಸರಣಿಯಾದ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು.

ಬೇರೆ ದಾರಿಗಳನ್ನೂ ನೋಡಿದೆ. ರಾಯಲ್ ಎನ್‌ಫೀಲ್ಡ್ 2021ರಲ್ಲಿ ಶುರು ಮಾಡಿದ ಕಾಂಟಿನೆಂಟಲ್ ಜಿಟಿ ಕಪ್ ನನ್ನಂಥವರಿಗೆ ಒಳ್ಳೆಯದು. ಎಲ್ಲರಿಗೂ ಒಂದೇ ಥರದ 650 ಬೈಕ್, ಕಂಪನಿಯೇ ತಯಾರು ಮಾಡಿ ಕೊಡುತ್ತದೆ. ಭಾರದ ಬೈಕ್, ಅದನ್ನು ತಾಳ್ಮೆಯಿಂದ ಓಡಿಸಬೇಕು. ಆದರೆ ಆ ವರ್ಷದ ಆಯ್ಕೆ ಮುಗಿದಿತ್ತು. ಹೋಂಡಾ ಟ್ಯಾಲೆಂಟ್ ಕಪ್ ಹುಡುಗರಿಗೆ. ಏಷ್ಯಾ ಸರಣಿ ಜೇಬಿಗೆ ಎಟುಕಲ್ಲ. ಉಳಿದದ್ದು ರ‍್ಯಾಲಿ.

ರ‍್ಯಾಲಿ ಕಲಿಯಲು ಮೂಡಿಗೆರೆ ಹತ್ತಿರ ಗೆಳೆಯರ ಎಸ್ಟೇಟಿಗೆ ಹೋದೆ. ಅವರ ತಮ್ಮನಿಗೆ 27 ವರ್ಷ, ಚೆನ್ನಾಗಿ ಸೂಪರ್‌ಕ್ರಾಸ್ (ಮಣ್ಣಿನ ದಿಬ್ಬ ಹಾರಿಸುವ ರೇಸ್) ಓಡಿಸುತ್ತಾನೆ. ಮೊದಲ ದಿನ ಅರ್ಧ ಗಂಟೆಯಲ್ಲಿ ನಾಲ್ಕು ಸಲ ಬಿದ್ದೆ. ನಾಲ್ಕೂ ಸಲ ಮುಂದಿನ ಚಕ್ರ ಜಾರಿ. ಅವನು ಬೈಕ್ ಎತ್ತಲು ಕೈ ಕೊಟ್ಟು, "ಅಣ್ಣ, ತಿರುವಿನ ಒಳಗೆ ಮುಂದಿನ ಬ್ರೇಕ್ ಮರೆತುಬಿಡಿ" ಅಂದ.

ಹೇಳಿದಷ್ಟು ಸುಲಭವಲ್ಲ. ಡಾಂಬರಿನಲ್ಲಿ ನಮ್ಮ ಹೊಟ್ಟೆಪಾಡೇ ಅದು. ಬ್ರೇಕನ್ನು ತಿರುವಿನ ಒಳಗಿನವರೆಗೂ ಎಳೆದುಕೊಂಡು ಹೋಗಿ, ಮುಂದಿನ ಟೈರಿನ ಮೇಲೆ ಭಾರ ಹಾಕಿ, ಮೈಯನ್ನು ಒಳಗಡೆಗೆ ಇಳಿಬಿಡುವುದು. ಮಣ್ಣಿನಲ್ಲಿ ಇದೆಲ್ಲ ಉಲ್ಟಾ. ಬ್ರೇಕ್ ಕೆಲಸ ನೇರ ಇರುವಾಗಲೇ ಮುಗಿಸಬೇಕು. ಬೈಕ್ ಮಾತ್ರ ವಾಲಬೇಕು, ಮೈ ನೆಟ್ಟಗೆ ಇರಬೇಕು. ಭಾರ ಹೊರಗಿನ ಫುಟ್‌ಪೆಗ್ ಮೇಲೆ. ಹಿಂದಿನ ಚಕ್ರ ಸ್ವಲ್ಪ ಜಾರಿದರೆ ಹೆದರಿ ಥ್ರಾಟಲ್ ಬಿಡಬಾರದು. ಹದಿನೈದು ವರ್ಷ ಕೈಗೆ ಹತ್ತಿದ್ದನ್ನು ಕೈಯಿಂದ ಬಿಡಿಸಲು ಮೂರು ತಿಂಗಳು ಬೇಕಾಯಿತು. ಪ್ರತಿ ಭಾನುವಾರ ಬೆಳಗಿನ ಜಾವ ಮೂರಕ್ಕೆ ಬೆಂಗಳೂರು ಬಿಟ್ಟು ರಾತ್ರಿ ವಾಪಸ್ ಬರುತ್ತಿದ್ದೆ. ಮಳೆ ಶುರುವಾದ ಮೇಲೆ ಆ ಕೆಂಪು ಮಣ್ಣು ಸೋಪಿನ ಥರ ಆಗುತ್ತದೆ. ನಿಜವಾಗಿ ಕಲಿತದ್ದು ಆಗಲೇ. ಜಾರುವ ನೆಲದಲ್ಲಿ ಅವಸರಪಟ್ಟರೆ ಬೀಳುತ್ತೀರಿ. ಟೈರ್ ಬಿಸಿಯಾದ ಕೊನೆಯ ಸುತ್ತುಗಳಲ್ಲಿ ನಾನು ಮಾಡುತ್ತಿದ್ದದ್ದೂ ಇದನ್ನೇ ತಾನೇ.

ದೇಹದ ಬಗ್ಗೆಯೂ ಹೇಳಬೇಕು. ಹೆಚ್ಚು ಹೊತ್ತು ನಿಂತೇ ಓಡಿಸಬೇಕಾದ್ದರಿಂದ ಸೊಂಟ, ತೊಡೆ ಹಿಡಿದುಕೊಳ್ಳುತ್ತವೆ. ಮುಂಗೈ ಕಲ್ಲಿನಂತಾಗಿ ಬೆರಳು ಮಡಚಲು ಆಗಲ್ಲ. ಹ್ಯಾಂಡಲನ್ನು ಗಟ್ಟಿ ಹಿಡಿಯುವುದು ಬಿಟ್ಟು ಮೊಣಕಾಲಿನಿಂದ ಟ್ಯಾಂಕ್ ಹಿಡಿದ ಮೇಲೆ ಅದು ಕಮ್ಮಿಯಾಯಿತು. 25ರಲ್ಲಿ ಬಿದ್ದರೆ ಎರಡು ದಿನಕ್ಕೆ ಎದ್ದು ಓಡಾಡುತ್ತಿದ್ದೆ. ಈಗ ಹತ್ತು ದಿನ. ಹಾಗಾಗಿ ಅಭ್ಯಾಸದಲ್ಲಿ ನೂರಕ್ಕೆ ಎಂಬತ್ತರಷ್ಟೇ ಓಡಿಸುತ್ತೇನೆ.

ಕಣ್ಣಿನದ್ದು ನಾನು ಎಣಿಸಿರಲೇ ಇಲ್ಲ. ಸಣ್ಣ ಸ್ಪೆಷಲ್ ಸ್ಟೇಜ್‌ಗಳ ರ‍್ಯಾಲಿಯಲ್ಲಿ ದಾರಿಯನ್ನು ಮೊದಲೇ ನೋಡಿಕೊಳ್ಳಲು ಬಿಡುತ್ತಾರೆ. ಕ್ರಾಸ್ ಕಂಟ್ರಿ ಹಾಗಲ್ಲ, ಅಲ್ಲಿ ರೋಡ್‌ಬುಕ್ ಓದಬೇಕು. ಹ್ಯಾಂಡಲ್ ಮೇಲೆ ಒಂದು ಡಬ್ಬಿ, ಅದರೊಳಗೆ ಕಾಗದದ ಸುರುಳಿ. ಎಷ್ಟು ಕಿ.ಮೀ.ಗೆ ಯಾವ ಕಡೆ ತಿರುಗಬೇಕು, ಎಲ್ಲಿ ಹಳ್ಳ, ಎಲ್ಲಿ ಬಂಡೆ ಅಂತ ಪುಟ್ಟ ಪುಟ್ಟ ಚಿತ್ರ. ಎಡಗೈ ಹತ್ತಿರದ ಸ್ವಿಚ್ ಒತ್ತಿದರೆ ಸುರುಳಿ ಮುಂದೆ ಹೋಗುತ್ತದೆ. ಗೆಳೆಯರೊಬ್ಬರ ಹಳೆಯ ರೋಡ್‌ಬುಕ್ ತಂದು ಅಭ್ಯಾಸ ಮಾಡಲು ಕೂತರೆ ಅಕ್ಷರ ಮಸುಕು. ಕಣ್ಣಿನ ಡಾಕ್ಟರ್ "ನಲವತ್ತು ಬಂತಲ್ಲ, ಚಾಳೀಸು" ಅಂದರು. ದೂರದ್ದು ಸ್ಪಷ್ಟ, ಹತ್ತಿರದ್ದು ಇಲ್ಲ. ಕನ್ನಡಕ ಹಾಕಿದರೆ ದೂರದ ದಾರಿ ಮಸುಕಾಗುತ್ತದೆ. ಕೊನೆಗೆ ಬಣ್ಣದ ಮಾರ್ಕರ್ ಸಹಾಯಕ್ಕೆ ಬಂತು. ಹಿಂದಿನ ರಾತ್ರಿ ಚಾಳೀಸು ಹಾಕಿಕೊಂಡು ಕೂತು, ಅಪಾಯಕ್ಕೆ ಕೆಂಪು, ಎಡಕ್ಕೆ ಹಳದಿ, ಬಲಕ್ಕೆ ನೀಲಿ ಬಳಿಯುತ್ತೇನೆ. ಅಂತರವನ್ನು ದಪ್ಪ ಅಂಕಿಯಲ್ಲಿ ಮತ್ತೆ ಬರೆಯುತ್ತೇನೆ. ಬೈಕ್ ಮೇಲೆ ಬಣ್ಣ ನೋಡಿದರೆ ಸಾಕು. ನಿಮಗೆ 38 ದಾಟಿದ್ದರೆ ಬೈಕಿಗೆ ದುಡ್ಡು ಹಾಕುವ ಮೊದಲು ಕಣ್ಣು ತೋರಿಸಿಕೊಳ್ಳಿ.

ಇನ್ಶೂರೆನ್ಸ್ ಕಾಗದವನ್ನೂ ಪೂರ್ತಿ ಓದಿ. ನಮ್ಮ ಬೈಕ್ ಪಾಲಿಸಿಗಳಲ್ಲಿ ಸಂಘಟಿತ ರೇಸಿಂಗ್‌ಗೆ ರಕ್ಷಣೆ ಇಲ್ಲ ಅಂತ ಬರೆದೇ ಇರುತ್ತದೆ. ನನ್ನ ಆರೋಗ್ಯ ವಿಮೆಯಲ್ಲೂ ಹಾಗೇ ಇತ್ತು. ತಂಡದಲ್ಲಿದ್ದಾಗ ಅವರು ನೋಡಿಕೊಳ್ಳುತ್ತಿದ್ದರು, ನಾನು ತಿರುಗಿಯೂ ನೋಡಿರಲಿಲ್ಲ. ಹೆಂಡತಿ ಒಂದೇ ಒಂದು ಮಾತು ಹೇಳಿದಳು. "ರೀ, ಓಡಿಸಬೇಡಿ ಅನ್ನಲ್ಲ. ಆದ್ರೆ ಆಸ್ಪತ್ರೆ ದುಡ್ಡು ಬ್ಯಾಂಕಲ್ಲಿ ಇರ್ಬೇಕು." ಮೊದಲು ಅದನ್ನು ಪಕ್ಕಕ್ಕಿಟ್ಟೆವು. ಅದಕ್ಕಾಗಿ ನನ್ನ ಹಳೆಯ ಟ್ರ್ಯಾಕ್ ಬೈಕ್ ಮಾರಿದೆ. ಅದನ್ನು ಕೊಂಡವರು ಏಸ್‌ಗೆ ಏರಿಸುವಾಗ ನಾನು ಒಳಗೆ ಹೋಗಿ ನಿಂತೆ, ನೋಡಲಾಗಲಿಲ್ಲ.

ಮೊದಲ ರ‍್ಯಾಲಿಗೆ ಬಾಡಿಗೆ ಬೈಕ್. ಒಬ್ಬೊಬ್ಬರನ್ನೇ ಬಿಡುತ್ತಾರೆ. ಪಕ್ಕದಲ್ಲಿ ಯಾರೂ ಇಲ್ಲ, ಗಡಿಯಾರ ಮಾತ್ರ. ಬೆಳಗಿನ ಎರಡು ಸ್ಟೇಜ್‌ಗಳಲ್ಲಿ ನನ್ನ ವಿಭಾಗದಲ್ಲಿ ಕೊನೆಯಿಂದ ಮೂರನೆಯವನು. ಮಧ್ಯಾಹ್ನ ಬಿಸಿಲೇರಿತು, ದಾರಿ ಕಿತ್ತುಹೋಯಿತು, ಹುಡುಗರು ಬೀಳಲು ಶುರು ಮಾಡಿದರು. ನಾನು ಬೀಳಲಿಲ್ಲ. ಸಂಜೆ ಬೋರ್ಡ್ ನೋಡಿದರೆ ಏಳನೆಯವನು. ಬಹುಮಾನ ಇಲ್ಲ, ಪೋಡಿಯಂ ಇಲ್ಲ. ಆದರೂ ಆ ರಾತ್ರಿ ನಿದ್ದೆ ಬರಲಿಲ್ಲ, ಅಷ್ಟು ಖುಷಿ. ಮುಂದಿನ ರ‍್ಯಾಲಿಯಲ್ಲಿ ಐದನೆಯವನಾದೆ. ಆಮೇಲೆ ಒಂದು ಟೈರ್ ಅಂಗಡಿಯವರು ಅರ್ಧ ಬೆಲೆಗೆ ಟೈರ್ ಕೊಡಲು ಒಪ್ಪಿದರು. ಪೂರ್ತಿ ಪ್ರಾಯೋಜಕರು ಇವತ್ತಿಗೂ ಸಿಕ್ಕಿಲ್ಲ.

ಇಷ್ಟರಿಂದ ಹೊಟ್ಟೆ ತುಂಬಲ್ಲ. ಅದಕ್ಕೇ ಕೋಚಿಂಗ್ ಹಿಡಿದೆ. ಹೊಸ ರೇಸರ್‌ಗಳ ಅಪ್ಪ ಅಮ್ಮಂದಿರು ಬೈಕಿಗೆ ಲಕ್ಷಗಟ್ಟಲೆ ಸುರಿಯುತ್ತಾರೆ, ಟೈಮ್ ಶೀಟ್ ಓದುವುದನ್ನು ಮಾತ್ರ ಯಾರೂ ಹೇಳಿಕೊಟ್ಟಿರುವುದಿಲ್ಲ. ನಾನು ಅದನ್ನು ಹೇಳಿಕೊಡುತ್ತೇನೆ. ಯಾವ ತಿರುವಿನಲ್ಲಿ ಎಷ್ಟು ಹೋಯಿತು, ಯಾಕೆ ಹೋಯಿತು. ತಿಂಗಳಿಗೆ ಇಂತಿಷ್ಟು ಅಂತ ಮೊದಲೇ ಮಾತಾಡಿಕೊಳ್ಳುತ್ತೇನೆ. ಮೊದಲ ವರ್ಷ ಸಂಕೋಚಕ್ಕೆ ಬಿದ್ದು ದುಡ್ಡಿನ ಮಾತೇ ಆಡಲಿಲ್ಲ, ಇಬ್ಬರು ಕೊಟ್ಟೇ ಇಲ್ಲ. ನೀವು ಹಾಗೆ ಮಾಡಬೇಡಿ. ಸಂತೋಷ್ ಕೋಲಾರದ ಕಡೆ ಬಿಗ್ ರಾಕ್ ಡರ್ಟ್‌ಪಾರ್ಕ್ ಅಂತ ತರಬೇತಿಯ ಜಾಗವನ್ನೇ ಕಟ್ಟಿದರು. ಅಂಥ ಕೆಲಸ ನೋಡಿದಾಗ ಹೇಳಿಕೊಡುವುದೂ ರೇಸಿಂಗೇ ಅಂತ ಗಟ್ಟಿಯಾಗಿ ಅನ್ನಿಸುತ್ತದೆ.

ನನಗೀಗ 41. ಗ್ಯಾರೇಜ್, ಕೋಚಿಂಗ್, ವರ್ಷಕ್ಕೆ ಮೂರು ರ‍್ಯಾಲಿ. ಮುಂದಿನ ವರ್ಷ ಏನು ಅಂತ ಈಗಲೂ ಗೊತ್ತಿಲ್ಲ. ಜಿಟಿ ಕಪ್ ಆಯ್ಕೆಗೆ ಒಮ್ಮೆ ಹೋಗಿ ನೋಡುವ ಆಸೆ ಇದೆ. ಮರಳುಗಾಡಿನಲ್ಲಿ ಒಂದಾದರೂ ಪೂರ್ತಿ ಕ್ರಾಸ್ ಕಂಟ್ರಿ ಮುಗಿಸುವ ಆಸೆ ಇನ್ನೂ ಜಾಸ್ತಿ. ಎರಡಕ್ಕೂ ದುಡ್ಡು ಹೊಂದಲ್ಲ.

ಸದ್ಯಕ್ಕೆ ಬಂದಿರುವ ತೊಡಕು ದಿನಾಂಕದ್ದು. ನಾನು ಹೇಳಿಕೊಡುವ ಹುಡುಗ ಇರುಂಗಾಟ್ಟುಕೋಟೈಯಲ್ಲಿ ಮೊದಲ ಸಲ 301-400 ಸಿಸಿ ವಿಭಾಗದಲ್ಲಿ ಓಡಿಸುತ್ತಿದ್ದಾನೆ. ಅದೇ ಶನಿವಾರ, ಭಾನುವಾರ ನನ್ನ ರ‍್ಯಾಲಿ. ಎರಡು ದಿನ ಯೋಚಿಸಿ ನಿನ್ನೆ ಅವನ ಅಪ್ಪನಿಗೆ ಫೋನ್ ಮಾಡಿದೆ. ಶುಕ್ರವಾರ ಬೆಳಿಗ್ಗೆ ಐದಕ್ಕೆ ಏಸ್ ನನ್ನ ಗ್ಯಾರೇಜ್ ಹತ್ತಿರ ಬರುತ್ತದೆ. ಅವನ ಬೈಕಿನ ಜೊತೆ ನಾನೂ ಹೋಗುತ್ತೇನೆ. ಅದರ ಮುಂದಿನ ರ‍್ಯಾಲಿಗೆ ಇನ್ನೂ ಐದು ವಾರ ಇದೆ. ಅಷ್ಟರಲ್ಲಿ ಮೂಡಿಗೆರೆಯಲ್ಲಿ ಮಳೆಯೂ ಶುರುವಾಗಿರುತ್ತದೆ.