ಮಣ್ಣಿನ ಬ್ಲಾಕಿನ ಮನೆ ಕಟ್ಟಬೇಕಾ? ಮೊದಲು ಮೇಸ್ತ್ರಿಯನ್ನು ಒಪ್ಪಿಸಿ

ಕಡಿಮೆ ಸೌದೆಯಲ್ಲಿ ಉರಿಯುವ ಅಸ್ತ್ರ ಒಲೆ ಗೊತ್ತಲ್ವಾ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಒಗ್ಗುವ ತಂತ್ರಜ್ಞಾನಕ್ಕಾಗಿ 1974ರಲ್ಲಿ ಶುರುವಾದ ಅದೇ ‘ಅಸ್ತ್ರ’ ಕೇಂದ್ರದವರು ಮಣ್ಣಿನ ಬ್ಲಾಕಿನ ಮೇಲೂ ದಶಕಗಟ್ಟಲೆ ಕೆಲಸ ಮಾಡಿದ್ದಾರೆ. ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ, ಮಷೀನಿನಲ್ಲಿ ಒತ್ತಿ, ನೀರುಣಿಸಿ ಗಟ್ಟಿ ಮಾಡುವ ಬ್ಲಾಕು ಇದು. ಗೂಡಿನಲ್ಲಿ ಸುಡುವ ಕೆಲಸವೇ ಇಲ್ಲ, ಹಾಗಾಗಿ ಸೌದೆಯೂ ಬೇಡ, ಕಲ್ಲಿದ್ದಲೂ ಬೇಡ. ಇಷ್ಟಾದರೂ ಹೆಚ್ಚಿನ ಬಡಾವಣೆಗಳಲ್ಲಿ ಇಂಥ ಮನೆಯನ್ನು ಹುಡುಕಬೇಕು. ಮನೆ ಕಟ್ಟುವವರ ಕೈ, ಲೆಕ್ಕ, ರೇಟು ಎಲ್ಲ ಇಟ್ಟಿಗೆಗೂ ಸಿಮೆಂಟ್ ಬ್ಲಾಕಿಗೂ ಒಗ್ಗಿಹೋಗಿವೆ, ಅದನ್ನು ಬದಲಿಸುವ ತಲೆನೋವು ಯಾರಿಗೂ ಬೇಡ. ಆ ತಲೆನೋವು ಕಡಿಮೆ ಮಾಡಿಕೊಳ್ಳಬೇಕಾದರೆ ಹೀಗೆ ಹೊರಡಿ.

ಮಣ್ಣು ನೋಡಿ

ನೀರಿನ ಸಂಪ್‌ಗೆ, ಪಾಯಕ್ಕೆ ಅಗೆದ ಮಣ್ಣೇ ಎಷ್ಟೋ ಸಲ ಕೆಲಸಕ್ಕೆ ಬರುತ್ತದೆ. ಬೇರು, ಕಸ ಇರುವ ಮೇಲ್ಮಣ್ಣನ್ನು ಗಿಡಗಳಿಗೆ ಎತ್ತಿಡಿ. ಅದರ ಕೆಳಗಿನ ಮಣ್ಣನ್ನು ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಹಾಕಿ, ನೀರು ತುಂಬಿಸಿ, ಚಿಟಿಕೆ ಉಪ್ಪು ಸೇರಿಸಿ ಚೆನ್ನಾಗಿ ಕುಲುಕಿ ಒಂದು ದಿನ ಬಿಡಿ. ಮರಳು ತಳಕ್ಕೆ ಕೂರುತ್ತದೆ, ಜೇಡಿ ಎಲ್ಲಕ್ಕಿಂತ ಮೇಲೆ. ಮರಳು ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲಿದ್ದು, ಜೇಡಿ ಶೇ 15ರ ಒಳಗಿದ್ದರೆ ಸರಿ. ಜೇಡಿ ಜಾಸ್ತಿ ಇದ್ದರೆ ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತೆಗೆದ ಮರಳು) ಬೆರೆಸಿ. ಹಳೇ ಮೈಸೂರು ಕಡೆಯ ಕೆಂಪುಮಣ್ಣು ಸಾಮಾನ್ಯವಾಗಿ ಒಗ್ಗುತ್ತದೆ. ಗದಗ, ವಿಜಯಪುರ ಕಡೆಯ ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅಲ್ಲಿ ಈ ಹಟ ಬೇಡ.

ರೇಟು ಮಾತಾಡಿ

ಜನ ಎಡವುವುದು ಇಲ್ಲೇ. ಮೇಸ್ತ್ರಿ ‘ಇದೆಲ್ಲ ನಿಲ್ಲಲ್ಲ ಸಾರ್’ ಅಂದರೆ ಅವರಿಗೆ ತಿಳಿವಳಿಕೆ ಇಲ್ಲ ಅಂದುಕೊಳ್ಳಬೇಡಿ, ಅವರ ಲೆಕ್ಕ ನೋಡಿ. ಚದರಕ್ಕೆ ಇಷ್ಟು ಅಂತ ಒಪ್ಪಿಕೊಂಡ ಕೂಲಿಯಲ್ಲಿ ಪ್ಲಾಸ್ಟರಿಂಗ್‌ನದೂ ಒಂದು ಪಾಲಿರುತ್ತದೆ. ಹೊರಗಿನ ಗೋಡೆಗೆ ಪ್ಲಾಸ್ಟರ್ ಬೇಡ, ಬ್ಲಾಕು ಹಾಗೇ ಕಾಣಲಿ ಅಂತ ನೀವು ಖುಷಿಯಾಗಿ ಹೇಳಿದ ತಕ್ಷಣ ಆ ಪಾಲು ಹೋಯಿತು, ಅದರ ಮೇಲೆ ಕೆಲಸ ಮೊದಲಿಗಿಂತ ನಾಜೂಕಾಗಬೇಕು, ಯಾಕೆಂದರೆ ಸೊಟ್ಟ ಎದ್ದ ಬ್ಲಾಕಿನ ಸಾಲನ್ನು ಮುಚ್ಚಿಹಾಕಲು ಮೇಲೆ ಗಾರೆ ಇರುವುದಿಲ್ಲ. ಕಡಿಮೆ ದುಡ್ಡಿಗೆ ಜಾಸ್ತಿ ಎಚ್ಚರ ಅಂದರೆ ಯಾರು ತಾನೇ ಒಪ್ಪುತ್ತಾರೆ?

ಹಾಗಾಗಿ ಗೋಡೆಯ ರೇಟು ಏರಿಸಿ. ಸಂದು ತುಂಬಿ ತೀಡುವ ಕೆಲಸಕ್ಕೆ ಬೇರೆ ಕೂಲಿ ಬರೆಯಿರಿ. ಪ್ಲಾಸ್ಟರ್‌ನ ಸಿಮೆಂಟ್, ಮರಳು ಉಳಿದಿರುತ್ತದೆ ಅಲ್ವಾ, ಆ ದುಡ್ಡನ್ನು ಇಲ್ಲಿ ಹಾಕಿ. ಮೊದಲ ಕೆಲವು ದಿನ ದಿನಗೂಲಿಯೇ ಕೊಡಿ. ಕಲಿಯುವಾಗ ಕೈ ನಿಧಾನ, ಆ ನಷ್ಟವನ್ನು ಅವರ ತಲೆಗೆ ಕಟ್ಟಬೇಡಿ. ಶುರುವಿಗೇ ಮನೆಗೆ ಕೈ ಹಾಕದೆ ಕಾಂಪೌಂಡಿನ ಒಂದು ತುಂಡನ್ನೋ ಸಾಮಾನಿನ ಶೆಡ್ಡನ್ನೋ ಕಟ್ಟಿಸಿ. ಆ ಗೋಡೆ ಎದ್ದ ಮೇಲೆ ಮೇಸ್ತ್ರಿಯ ಅನುಮಾನವೂ ಇಳಿಯುತ್ತದೆ, ‘ಮಣ್ಣಿನ ಮನೆಯಾ?’ ಅಂತ ಮೂಗು ಮುರಿದ ಮಾವನವರದ್ದೂ ಒಂಚೂರು ಇಳಿಯಬಹುದು.

ಒತ್ತಿ, ನೀರುಣಿಸಿ

ಒಟ್ಟು ತೂಕದಲ್ಲಿ ಸಿಮೆಂಟ್ ಶೇ 5ರಿಂದ 8 ಇರಲಿ. 230×190×100 ಮಿ.ಮೀ. ಅಳತೆಯ ಬ್ಲಾಕು ಸುಮಾರು 8 ಕೆ.ಜಿ. ತೂಗುತ್ತದೆ. ಶೇ 7 ಹಾಕಿದರೆ 50 ಕೆ.ಜಿ. ಮೂಟೆಗೆ ಹೆಚ್ಚುಕಡಿಮೆ 90 ಬ್ಲಾಕು ಬರಬೇಕು. ಲೆಕ್ಕ ಇದಕ್ಕಿಂತ ತುಂಬಾ ಮೇಲೆ ಹೋದರೆ ಎಲ್ಲೋ ಸಿಮೆಂಟ್ ಉಳಿಸುತ್ತಿದ್ದಾರೆ ಅಂತ ಅರ್ಥ! ಹದ ನೋಡಲು ಕಲಸಿದ ಮಣ್ಣನ್ನು ಉಂಡೆ ಮಾಡಿ ಸೊಂಟದ ಎತ್ತರದಿಂದ ಬಿಡಿ. ನಾಲ್ಕೈದು ತುಂಡಾದರೆ ಹದ ಸರಿ, ಒಂದೇ ಮುದ್ದೆಯಾಗಿ ಕೂತರೆ ನೀರು ಜಾಸ್ತಿ, ಪುಡಿಪುಡಿಯಾದರೆ ಕಡಿಮೆ. ಅರ್ಧ ಗಂಟೆಯಲ್ಲಿ ಒತ್ತಿ ಮುಗಿಸುವಷ್ಟೇ ಕಲಸಿಕೊಳ್ಳಿ. ನೆರಳಲ್ಲಿ ಜೋಡಿಸಿ, ಗೋಣಿಚೀಲ ಹೊದಿಸಿ, ಮೂರ್ನಾಲ್ಕು ವಾರ ಒದ್ದೆಯಾಗಿಡಿ. ಇದರಲ್ಲಿ ಕಳ್ಳಾಟ ಆಡಿದರೆ ಸಿಮೆಂಟ್ ಹಾಕಿದ್ದೇ ದಂಡ. ಆಮೇಲೆ ಒಂದೆರಡು ಬ್ಲಾಕನ್ನು ರಾತ್ರಿಯಿಡೀ ನೀರಲ್ಲಿ ಮುಳುಗಿಸಿಡಿ. ಅಂಚು ಕರಗಿದರೆ ಆ ಲಾಟನ್ನು ಗೋಡೆಗೆ ಬಳಸಬೇಡಿ. ಒಂದಷ್ಟನ್ನು ಹತ್ತಿರದ ಲ್ಯಾಬಿಗೆ ಕೊಟ್ಟು ಭಾರ ತಡೆಯುವ ಶಕ್ತಿಯನ್ನೂ ಅಳೆಸಿ.

ಗೋಡೆ ಕಟ್ಟುವ ಗಾರೆಗೂ ಅದೇ ಮಣ್ಣನ್ನು ಸಿಮೆಂಟ್, ಮರಳಿನ ಜೊತೆ ಬೆರೆಸಬಹುದು. ಬರೀ ಸಿಮೆಂಟ್ ಗಾರೆಗಿಂತ ಕೈಗೆ ಸಲೀಸು.

ಎಲೆಕ್ಟ್ರಿಷಿಯನ್ ಮೊದಲೇ ಬರಲಿ

ನಮ್ಮ ಕಡೆ ಗೋಡೆ ಎದ್ದ ಮೇಲೆ ಕಟರ್ ಹಿಡಿದು ಎಲೆಕ್ಟ್ರಿಷಿಯನ್ ಬರುತ್ತಾರೆ, ಬೇಕಾದ ಕಡೆ ಸೀಳುತ್ತಾರೆ. ಪ್ಲಾಸ್ಟರ್ ಇಲ್ಲದ ಗೋಡೆಯಲ್ಲಿ ಆ ಗಾಯ ಕೊನೇವರೆಗೂ ಕಾಣುತ್ತದೆ. ಸ್ವಿಚ್ಚು, ಪೈಪು, ಗೀಸರ್ ಎಲ್ಲೆಲ್ಲಿ ಅನ್ನುವುದನ್ನು ಪಾಯದ ಹೊತ್ತಿಗೇ ನಕ್ಷೆಯಲ್ಲಿ ಗುರುತು ಹಾಕಿ, ಮೇಸ್ತ್ರಿ, ಎಲೆಕ್ಟ್ರಿಷಿಯನ್, ಪ್ಲಂಬರ್ ಮೂವರನ್ನೂ ಒಂದೇ ದಿನ ಸೈಟಿಗೆ ಕರೆಸಿ ತೋರಿಸಿ. ಆಮೇಲೆ ಯಾರೇ ‘ಕಿಟಕಿ ಸ್ವಲ್ಪ ಆಚೆ ಇಡೋಣ’ ಅಂದರೂ ಬಾಯಿಮಾತಲ್ಲಿ ಒಪ್ಪಬೇಡಿ. ಒಂದು ನೋಟ್‌ಬುಕ್ಕಿನಲ್ಲಿ ಬದಲಾವಣೆ, ಅದರ ಖರ್ಚು, ತಾರೀಕು ಬರೆದು ನೀವೂ ಮೇಸ್ತ್ರಿಯೂ ಸಹಿ ಹಾಕಿ. ಬರೆಯಲು ಕೂತಾಗಲೇ ಅರ್ಧ ಬದಲಾವಣೆಗಳು ಬಿದ್ದುಹೋಗುತ್ತವೆ, ಕೆಡವಿದ ಗೋಡೆಯ ಕಸವೂ ಅಷ್ಟು ಕಡಿಮೆ.

ಮಳೆಯ ಲೆಕ್ಕ

ಪಾಯ ನೆಲದಿಂದ ಒಂದೂವರೆ ಅಡಿಯಾದರೂ ಮೇಲಿರಲಿ, ಕಲ್ಲಿನದಾದರೆ ಒಳ್ಳೇದು. ಸೂರು, ಸಜ್ಜಾ ಎರಡಡಿ ಚಾಚಲಿ. ಬಚ್ಚಲ ಗೋಡೆಗೆ ಸುಮ್ನೆ ಹಟ ಮಾಡದೆ ಪ್ಲಾಸ್ಟರ್, ಟೈಲ್ಸ್ ಹಾಕಿಸಿ. ಮೊದಲ ಮಳೆಗಾಲದಲ್ಲಿ ಕಿಟಕಿ ಕೆಳಗೆ ನೀರಿಳಿದ ಗೆರೆ ಕಂಡರೆ ಅಲ್ಲಿ ನೀರು ಗೋಡೆಗೆ ತಾಗದೆ ಮುಂದಕ್ಕೆ ಬೀಳುವ ಹಾಗೆ ಕಲ್ಲಿನ ಪಟ್ಟಿ ಕೂರಿಸಿ. ಮೇಸ್ತ್ರಿಯ ಕೊನೆ ಕಂತನ್ನು ಆ ಮಳೆಗಾಲದವರೆಗೆ ಇಟ್ಟುಕೊಳ್ಳುವ ಮಾತನ್ನು ಶುರುವಿನ ಕರಾರಿನಲ್ಲೇ ಬರೆದಿರಿ.