ಕಚೇರಿಗೆ ಹೋಗುವ ಕಾರು ಟ್ರ್ಯಾಕ್‌ಗೆ ಇಳಿದ ದಿನ

ದಿನವೂ ಕಚೇರಿಗೆ ಹೋಗಿಬರುವ ಕಾರನ್ನೇ ರೇಸ್ ಟ್ರ್ಯಾಕ್‌ಗೆ ಒಯ್ಯುತ್ತೇನೆ ಎಂದಾಗ ಗೆಳೆಯರೆಲ್ಲ ಕೇಳಿದ್ದು ಒಂದೇ ಮಾತು: ಎಂಜಿನ್‌ಗೆ ಏನು ಮಾಡಿಸಿದೆ? ಏನೂ ಮಾಡಿಸಿರಲಿಲ್ಲ. ಟರ್ಬೊ ಎಂಜಿನ್‌ನ ಆ ಕಾರಿಗೆ ಓಡುವ ಕಸುವು ಬೇಕಾದಷ್ಟಿತ್ತು. ನನಗಿದ್ದ ಚಿಂತೆ ಅದು ನಿಲ್ಲುವುದರ ಬಗ್ಗೆ. ಸಂಜೆ ಅದರಲ್ಲೇ ಮನೆಗೂ ಮರಳಬೇಕಿತ್ತು.

ರಸ್ತೆಯಲ್ಲಿ ಒಮ್ಮೆ ಜೋರಾಗಿ ಬ್ರೇಕ್ ಹಾಕಿದರೆ, ಮತ್ತೆ ಹಾಕುವ ಹೊತ್ತಿಗೆ ಚಕ್ರದೊಂದಿಗೆ ತಿರುಗುವ ಬ್ರೇಕ್ ಡಿಸ್ಕ್ ಆರಿರುತ್ತದೆ. ಟ್ರ್ಯಾಕ್‌ನಲ್ಲಿ ಆ ಬಿಡುವಿಲ್ಲ. ಒಂದು ತಿರುವಿನ ಕಾವು ಇಳಿಯುವ ಮೊದಲೇ ಇನ್ನೊಂದು ತಿರುವು ಎದುರಾಗುತ್ತದೆ. ಆ ಕಾವು ಡಿಸ್ಕ್ ಹಿಡಿಯುವ ಪ್ಯಾಡ್ ದಾಟಿ, ಅದನ್ನು ಒತ್ತುವ ಕ್ಯಾಲಿಪರ್‌ನೊಳಗಿನ ಬ್ರೇಕ್ ಆಯಿಲ್‌ಗೆ ಏರುತ್ತದೆ. ಆಯಿಲ್ ಎಂದು ಕರೆದರೂ ಅದು ಎಣ್ಣೆಯಲ್ಲ, ಗ್ಲೈಕಾಲ್ ಮೂಲದ ದ್ರವ. ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವುದು ಅದರ ಗುಣ. ಡಾಟ್ 4 ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು. ತೇವ ಸೇರಿದ ಮೇಲೆ ಆ ಕನಿಷ್ಠ ಮಿತಿ 155 ಮಾತ್ರ. ಕುದಿದರೆ ಆವಿಯ ಗುಳ್ಳೆಗಳು ಏಳುತ್ತವೆ. ಕಾಲಿನ ಬಲವೆಲ್ಲ ಆ ಗುಳ್ಳೆಗಳನ್ನು ಕುಗ್ಗಿಸುವುದರಲ್ಲೇ ಕಳೆದುಹೋಗಿ ಪೆಡಲ್ ನೆಲ ಮುಟ್ಟುತ್ತದೆ, ಕಾರು ಮಾತ್ರ ಹೋಗುತ್ತಲೇ ಇರುತ್ತದೆ.

ನನ್ನ ಕಾರಿನ ದ್ರವ ಬದಲಾಗಿ ಮೂರು ವರ್ಷವಾಗಿತ್ತು. ಒಂದು ಭಾನುವಾರ ತಮ್ಮನನ್ನು ಚಾಲಕನ ಸೀಟಿನಲ್ಲಿ ಕೂರಿಸಿ ನಾನು ಚಕ್ರದ ಬಳಿ ಕುಳಿತೆ. ಹಳೆಯ ದ್ರವವನ್ನು ಹೊರಬಿಡುವ ಬ್ಲೀಡರ್ ನಿಪ್ಪಲ್‌ಗೆ ಪಾರದರ್ಶಕ ಪೈಪು ಸಿಕ್ಕಿಸಿ, ಇನ್ನೊಂದು ತುದಿಯನ್ನು ಸ್ವಲ್ಪ ಹೊಸ ದ್ರವವಿದ್ದ ಬಾಟಲಿಯಲ್ಲಿ ಮುಳುಗಿಸಿದೆ. "ಒತ್ತು" ಎನ್ನುತ್ತಿದ್ದೆ, "ಒತ್ತಿದೆ ಅಣ್ಣ" ಎನ್ನುತ್ತಿದ್ದ. ನಿಪ್ಪಲ್ ಸಡಿಲಿಸಿ, ಮತ್ತೆ ಬಿಗಿದ ಮೇಲಷ್ಟೇ "ಬಿಡು" ಎನ್ನಬೇಕು. ಮೊದಲೇ ಕಾಲು ತೆಗೆದರೆ ಗಾಳಿ ಒಳಗೆ ಹೋಗುತ್ತದೆ. ಮೊದಲು ಬಂದದ್ದು ಕಂದುಬಣ್ಣದ ಮಬ್ಬು ದ್ರವ. ಪೈಪಿನಲ್ಲಿ ಬಣ್ಣ ತಿಳಿಯಾಗುತ್ತ ಬಂದು, ಕೊನೆಗೆ ತೆಳುಹಳದಿ ಕಂಡಾಗ ಆದ ಸಮಾಧಾನ ಇಂದಿಗೂ ನೆನಪಿದೆ. ಮೇಲಿನ ಬ್ರೇಕ್ ದ್ರವದ ಡಬ್ಬಿ ಬರಿದಾಗದಂತೆ ಆಗಾಗ ತುಂಬುತ್ತಿದ್ದೆವು. ಕಾರಿನ ಬಣ್ಣದ ಮೇಲೆ ಬಿದ್ದ ಹನಿಗೆ ತಕ್ಷಣ ನೀರು ಸುರಿದೆವು. ಬಿಟ್ಟರೆ ಅದು ಪೇಂಟ್ ತಿನ್ನುತ್ತದೆ. ಇನ್ನೊಂದು ಮಾತು: ಡಾಟ್ 5.1 ಗ್ಲೈಕಾಲ್ ಜಾತಿಯದೇ, ಆದರೆ ಡಾಟ್ 5 ಸಿಲಿಕೋನ್. ಎರಡನ್ನೂ ಎಂದಿಗೂ ಬೆರೆಸಬಾರದು.

ಪ್ಯಾಡ್ ಅರ್ಧದಷ್ಟು ಸವೆದಿದ್ದವು. ರಸ್ತೆಗೆ ಇನ್ನೂ ಬಹಳ ದಿನ ಬರುತ್ತಿದ್ದವು, ಆದರೂ ಹೆಚ್ಚು ಕಾವು ತಡೆಯುವ ಹೊಸ ಪ್ಯಾಡ್ ಹಾಕಿದೆ. ಪೂರ್ಣ ರೇಸ್ ಪ್ಯಾಡ್ ಬೇಡವೆಂದು ನಿರ್ಧರಿಸಿದ್ದೆ; ತಣ್ಣಗಿದ್ದಾಗ ಅವು ಸರಿಯಾಗಿ ಹಿಡಿಯುವುದಿಲ್ಲ, ಬೆಳಿಗ್ಗೆಯ ಸಂಚಾರದಲ್ಲಿ ಅದು ಅಪಾಯ.

ಉಳಿದದ್ದು ಬೇಗ ಮುಗಿಯಿತು. ಎಂಜಿನ್ ಆಯಿಲ್ ಬದಲಿಸಿ ಮೇಲಿನ ಗುರುತಿನವರೆಗೆ ತುಂಬಿದೆ; ಉದ್ದನೆಯ ತಿರುವಿನಲ್ಲಿ ಆಯಿಲ್ ಒಂದು ಪಕ್ಕಕ್ಕೆ ಸರಿದು ಪಂಪಿಗೆ ಸಿಗದೆ ಹೋದರೆ ಬೇರಿಂಗ್ ಉಳಿಯುವುದಿಲ್ಲ. ಟಾರ್ಕ್ ರೆಂಚ್‌ನಿಂದ ಚಕ್ರದ ಬೋಲ್ಟ್‌ಗಳನ್ನು ಕೈಪಿಡಿಯಲ್ಲಿರುವ ಅಳತೆಗೆ ಬಿಗಿದೆ. ನೆಲಹಾಸು, ಜಾಕ್, ಸೀಟಿನಡಿಯ ನೀರಿನ ಬಾಟಲಿ ಎಲ್ಲವನ್ನೂ ಹೊರಗಿಟ್ಟೆ. ಬಾಟಲಿಯೊಂದು ಉರುಳಿ ಬ್ರೇಕ್ ಪೆಡಲ್‌ನ ಕೆಳಗೆ ಸೇರುವುದನ್ನು ಒಮ್ಮೆ ಊಹಿಸಿಕೊಂಡರೆ ಸಾಕು. ವಿಮೆಯ ಕಾಗದವನ್ನೂ ಓದಿದೆ: ಟ್ರ್ಯಾಕ್‌ನಲ್ಲಿ ಆಗುವ ಹಾನಿಗೆ ರಕ್ಷಣೆ ಇರಲಿಲ್ಲ.

ಅಂದು ನಾನು ನಿಜವಾಗಿ ಕಲಿತದ್ದು ಟೈರ್ ಗಾಳಿಯ ಪಾಠ. ತಣ್ಣಗಿದ್ದಾಗ ನಾಲ್ಕರಲ್ಲೂ ಗಾಳಿಯ ಒತ್ತಡ 33 ಪಿಎಸ್‌ಐ ಇತ್ತು. ಮೊದಲ ಸುತ್ತುಗಳು ಮುಗಿಯುವ ಹೊತ್ತಿಗೆ ಮೂತಿ ಹೊರಕ್ಕೆ ಜಾರತೊಡಗಿತು. ಸ್ಟೀರಿಂಗ್ ತಿರುಗಿಸಿದಷ್ಟು ಕಾರು ತಿರುಗುತ್ತಿರಲಿಲ್ಲ. ಪಕ್ಕದಲ್ಲಿದ್ದ ತರಬೇತುದಾರರು, "ಟೈರ್ ಉಬ್ಬಿದೆ, ಹೊರಗೆ ಬನ್ನಿ, ಅಳೆಯೋಣ" ಎಂದರು. ಮುಂದಿನ ಎಡ ಟೈರ್ 41 ತೋರಿಸಿತು. ಬಿಸಿಯಿದ್ದಾಗಲೇ ಗಾಳಿ ಬಿಟ್ಟು ನಾಲ್ಕನ್ನೂ 36ಕ್ಕೆ ತಂದೆವು. ಮತ್ತೆ ಇಳಿದಾಗ ಅದೇ ತಿರುವಿನಲ್ಲಿ ಮುಂಭಾಗ ನೆಲ ಕಚ್ಚಿ ಹಿಡಿಯಿತು.

ಪ್ರತಿ ಸರದಿಯ ಕೊನೆಯ ಸುತ್ತನ್ನು ಬ್ರೇಕ್ ಮುಟ್ಟದೆ ನಿಧಾನವಾಗಿ ಓಡಿಸಿದೆ. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಲಿಲ್ಲ, ಗೇರಿನಲ್ಲಿಟ್ಟು ಚಕ್ರಕ್ಕೆ ಅಡ್ಡಗಟ್ಟೆ ಕೊಟ್ಟೆ. ಬಿಸಿ ಡಿಸ್ಕ್‌ಗೆ ಪ್ಯಾಡ್ ಒತ್ತಿಕೊಂಡು ನಿಂತರೆ ಗುರುತು ಉಳಿದು ಮುಂದೆ ಬ್ರೇಕ್ ನಡುಗುತ್ತದೆ. ದಿನವಿಡೀ ಪೆಡಲ್ ಬೆಳಿಗ್ಗೆ ಇದ್ದಷ್ಟೇ ಗಟ್ಟಿಯಾಗಿತ್ತು.

ಸಂಜೆ ಬೋಲ್ಟ್‌ಗಳನ್ನು ಮತ್ತೆ ಪರೀಕ್ಷಿಸಿದೆ, ಒಂದೂ ಸಡಿಲವಾಗಿರಲಿಲ್ಲ. ಟೈರ್ ಆರಿದ ಮೇಲೆ 33ಕ್ಕೆ ಗಾಳಿ ತುಂಬಿ, ನೆಲಹಾಸುಗಳನ್ನು ಅವುಗಳ ಜಾಗದಲ್ಲಿ ಹಾಸಿ ಹೊರಟೆ. ಮರುದಿನ ಬೆಳಿಗ್ಗೆ ಎಂದಿನ ಹೊತ್ತಿಗೆ ಅದೇ ಕಾರು ಕಚೇರಿಯ ಮುಂದೆ ನಿಂತಿತ್ತು, ಮುಂದಿನ ಚಕ್ರಗಳ ಮೇಲೆ ಪ್ಯಾಡ್‌ನ ಕಪ್ಪು ಪುಡಿ ಇನ್ನೂ ಅಂಟಿಕೊಂಡಿತ್ತು.